ಹಗ್ಗ ಹಿಡಿದ ಬಾಮೈದ

ಎಡಗೈಗೆ ಕಾವಲುಪಟ್ಟಿ ಕಟ್ಟಿಸಿಕೊಂಡ ದಿನ ಚೆಲುವ ಮಾಡಿದ ಮೊದಲ ಕೆಲಸವೆಂದರೆ, ಆ ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಬೂರುಗದ ಹಾಡಿಯ ಈ ತುದಿಯಿಂದ ಆ ತುದಿಯವರೆಗೆ ತನ್ನದೇ ಮೆರವಣಿಗೆ ಹೊರಡಿಸಿದ್ದು.

“ನೋಡ್ಕಳ್ರಪ್ಪೋ! ಇವತ್ತಿಂದ ಚೆಲುವ ಸುಳ್ಳ ಅಲ್ಲ! ಸಾಕ್ಷಿ ಕೈಯಾಗೇ ಅದೆ!”

ಹಾಡಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಅವನ ಹೆಂಡತಿ ದಾಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ದಾಸಮ್ಮನ ತಮ್ಮ ಭೋಜ, ಪಟ್ಟಿ ಕಟ್ಟಲು ಪೇಟೆಯಿಂದ ಬಂದ ತಂಡದಲ್ಲಿ ತಾನೂ ಒಬ್ಬನಾಗಿದ್ದವನು, ಡಾಕ್ಟರ್ ಮೇಡಂ ಎದುರಿಗೆ ಭಾವ ಹೀಗೆ ಕುಣಿಯುತ್ತಾನಲ್ಲ ಎಂದು ಸಂಕೋಚಪಟ್ಟುಕೊಂಡೇ ನಕ್ಕ. ಎಷ್ಟೋ ದಿನಗಳಾದ ಮೇಲೆ ಅವನಿಗೆ ಮತ್ತೆ ಮತ್ತೆ ನೆನಪಿಗೆ ಬಂದದ್ದು ಆ ಸಂಕೋಚವೇ. ಸಂಕೋಚ ಸಣ್ಣ ವಸ್ತು, ಆದರೆ ಅದು ಮನುಷ್ಯನಿಂದ ಮಾಡಿಸುವ ಕೆಲಸ ಸಣ್ಣದಲ್ಲ.

ಚೆಲುವನಿಗೆ ಹುಟ್ಟಿನಿಂದಲೇ ಕುಡುಗೋಲು ಕಣದ ಕಾಯಿಲೆ. ದುಂಡಗೆ, ಮೆತ್ತಗೆ ಇರಬೇಕಾದ ರಕ್ತದ ಕೆಂಪುಕಣಗಳು ಈ ಕಾಯಿಲೆಯಲ್ಲಿ ಕುಡುಗೋಲಿನ ಹಾಗೆ ಬಾಗಿ ಬಿರುಸಾಗುತ್ತವೆ, ಕೂದಲಿಗಿಂತ ಸಪೂರವಾದ ನಾಳಗಳಲ್ಲಿ ಒಂದಕ್ಕೊಂದು ತೊಡರಿ ದಾರಿ ಕಟ್ಟುತ್ತವೆ. ರಕ್ತ ಮುಟ್ಟದ ಜಾಗದಲ್ಲಿ ಏಳುವ ನೋವಿಗೆ ಆರಡಿ ಆಳು ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಆದರೆ ನೋಡುವವರಿಗೆ ಗಾಯವಿಲ್ಲ, ಬಾವಿಲ್ಲ, ಎಷ್ಟೋ ಸಲ ಜ್ವರವೂ ಇಲ್ಲ. ಕಾಫಿ ತೋಟದ ಮೇಸ್ತ್ರಿ ‘ಮೈಗಳ್ಳ’ ಎಂದ. ಆಸ್ಪತ್ರೆಯೊಂದರ ಕಾಂಪೌಂಡರು ಬಾಯಿ ಮೂಸಿ ನೋಡಿ, ವಾಸನೆ ಸಿಗದೆ, ‘ಇಂಜೆಕ್ಷನ್ ಚಟ’ ಎಂದ. ಹೆತ್ತಪ್ಪನೇ ಒಂದು ದಿನ ‘ಕೆಲ್ಸ ಅಂದ್ರೆ ನೋವು, ಉಣ್ಣು ಅಂದ್ರೆ ವಾಸಿ’ ಎಂದುಬಿಟ್ಟಿದ್ದ. ಮೂವತ್ತೆರಡು ವರ್ಷ ಚೆಲುವ ನೋವನ್ನಾದರೂ ತಡೆದುಕೊಂಡ, ಈ ಮಾತುಗಳನ್ನು ತಡೆಯಲಾರದೆ ಹೋದ. ಅದಕ್ಕೇ ನೋವಿನ ಸುದ್ದಿ ಎತ್ತಿದಾಗಲೆಲ್ಲ ಜೊತೆಗೊಂದು ಹಾಸ್ಯ ಸೇರಿಸುವುದನ್ನು ರೂಢಿ ಮಾಡಿಕೊಂಡ. ಹೇಗೂ ನಗುವವರು ನಗುತ್ತಾರೆ, ತಾನೇ ನಗಿಸಿದ್ದಾಯಿತಲ್ಲ ಎಂಬ ಸಮಾಧಾನ.

ಪಟ್ಟಿ ಕಾಯಿಲೆಯನ್ನು ವಾಸಿ ಮಾಡುವ ವಸ್ತುವಲ್ಲ. ಅದು ಎರಡು ಬಣ್ಣದ ಬೆಳಕನ್ನು ಚರ್ಮದೊಳಕ್ಕೆ ಬಿಟ್ಟು, ಮಣಿಕಟ್ಟಿನ ಸಣ್ಣ ನಾಳಗಳಲ್ಲಿ ಎಷ್ಟು ಕಣ ಬಾಗಿದೆ, ಎಷ್ಟು ತಡವಾಗಿ ಸಾಗುತ್ತಿದೆ ಎಂದು ಸದಾ ಎಣಿಸುತ್ತಿತ್ತು. ಎಲ್ಲ ಸರಿಯಿದ್ದರೆ ಹಸಿರು. ಹತ್ತು ಗಂಟೆಯೊಳಗೆ ನೋವು ಎದ್ದೀತು ಎಂಬ ಲೆಕ್ಕ ಸಿಕ್ಕಿದರೆ ಹಳದಿ. ದಾರಿ ಕಟ್ಟಿದರೆ ಕೆಂಪು. ಹಳದಿ ಕಂಡ ಕೂಡಲೆ ಹೊಟ್ಟೆ ತುಂಬ ನೀರು ಕುಡಿದು, ಮಾತ್ರೆ ನುಂಗಿ, ಒಲೆಯ ಕಾವಿನ ಹತ್ತಿರ ಬೆಚ್ಚಗೆ ಮಲಗಿದರೆ ಎಷ್ಟೋ ನೋವು ಬರುವ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಹೋಗದಿದ್ದರೆ ಕೆಂಪು ಬೀಳುವ ಮೊದಲೇ ಗಾಡಿ ಬಂದು ಆಸ್ಪತ್ರೆಗೆ ಒಯ್ಯುತ್ತಿತ್ತು. ಪಟ್ಟಿಯ ಸಿಗ್ನಲ್ಲು ಕಾಡಿನ ಕಾವಲುಗೋಪುರದ ಮೇಲಿನ ಡಬ್ಬಿಗೆ ಹಾರಿ, ಅಲ್ಲಿಂದ ತಾಲ್ಲೂಕು ಪೇಟೆಯ ನಿಗಾ ಕೊಠಡಿಗೆ ತಲುಪುತ್ತಿತ್ತು. ಇಷ್ಟನ್ನು ರೂಪಿಸಿದವರು ಡಾಕ್ಟರ್ ಯಶೋಧರಾ, ಏಳು ವರ್ಷ ಹಾಡಿ ಹಾಡಿ ಅಲೆದು ರಕ್ತ ಪರೀಕ್ಷೆ ಮಾಡಿದವರು.

ಅರ್ಜಿಯಲ್ಲಿ ‘ತುರ್ತು ಸಂಪರ್ಕದ ವ್ಯಕ್ತಿ’ ಎಂದು ಒಂದು ಖಾಲಿ ಜಾಗವಿತ್ತು. ಮೇಡಂ ದಾಸಮ್ಮನ ಹೆಸರು ಬರೆಯಹೊರಟರೆ ಚೆಲುವ ತಡೆದ.

“ಅದು ಹಗ್ಗ ಹಿಡಿಯೋನ ಜಾಗ ಮೇಡಮ್ಮೋರೆ. ಅಲ್ಲಿಗೆ ಬಾಮೈದನ್ನೇ ಹಾಕ್ಬೇಕು.”

ಮೇಡಂಗೆ ಅರ್ಥವಾಗಲಿಲ್ಲ. ಭೋಜ ಬಿಡಿಸಿ ಹೇಳಬೇಕಾಯಿತು. ಇವರ ಕಡೆಯವರು ಹೆಜ್ಜೇನು ಇಳಿಸುವುದು ಜೇನುಬಂಡೆಯಲ್ಲಿ. ಬಂಡೆಯ ನೆತ್ತಿಯಿಂದ ಹಗ್ಗ ಇಳಿಬಿಟ್ಟು, ಹೊಗೆಯ ನಡುವೆ ಒಬ್ಬ ತೂಗುಬಿದ್ದು ಜೇನುತಟ್ಟಿ ಕೊಯ್ಯುತ್ತಾನೆ. ಮೇಲೆ ಕೂತು ಹಗ್ಗ ಹಿಡಿಯುವವನು ಅವನ ಹೆಂಡತಿಯ ಒಡಹುಟ್ಟಿದವನೇ ಆಗಬೇಕು. ಅಣ್ಣತಮ್ಮಂದಿರನ್ನು ನಂಬುವಂತಿಲ್ಲ, ಸ್ನೇಹಿತರನ್ನಂತೂ ಇಲ್ಲವೇ ಇಲ್ಲ. ಹಗ್ಗ ಜಾರಿದರೆ ಯಾರ ಅಕ್ಕತಂಗಿ ತಾಳಿ ಕಳೆದುಕೊಳ್ಳುತ್ತಾಳೋ ಅವನ ಕೈ ಮಾತ್ರ ಬಿಗಿಯಾಗಿರುತ್ತದೆ ಎಂಬುದು ಹಿರಿಯರ ಲೆಕ್ಕಾಚಾರ. ಬಂಡೆ ಮುಂದಕ್ಕೆ ಚಾಚಿಕೊಂಡಿರುವುದರಿಂದ ಮೇಲಿನವನಿಗೆ ಕೆಳಗಿನವನು ಕಾಣುವುದಿಲ್ಲ. ಅದಕ್ಕೆ ಕೆಳಗಿನವನು ಜೇನು ಕೊಯ್ಯುತ್ತಲೇ ಮೇಲಿನ ಬಾಮೈದನನ್ನು ಹಾಡುಕಟ್ಟಿ ಬೈಯುತ್ತಿರುತ್ತಾನೆ. ಮೂಗು, ಮೋರೆ, ಹೊಟ್ಟೆ, ನಡಿಗೆ, ಯಾವುದನ್ನೂ ಬಿಡುವುದಿಲ್ಲ. ಬೈಗುಳ ಕೇಳುತ್ತಿರುವಷ್ಟು ಹೊತ್ತು ಆಸಾಮಿ ಗಟ್ಟಿ. ಬೈಗುಳ ನಿಂತರೆ ಯಾಕೆ, ಏನು ಎಂದು ಕೇಳಬಾರದು, ಹಗ್ಗ ಎಳೆಯಬೇಕು.

ಕಾಯಿಲೆಯ ಚೆಲುವ ಒಂದು ದಿನವೂ ಬಂಡೆ ಇಳಿದವನಲ್ಲ. ಆದರೆ ಬೈಗುಳದ ಹಾಡುಗಳಲ್ಲಿ ಅವನನ್ನು ಮೀರಿಸುವವರು ನಾಲ್ಕು ಹಾಡಿಗಳಲ್ಲಿ ಇರಲಿಲ್ಲ.

“ಬಂಡೆ ಮ್ಯಾಲಂತೂ ತೂಗಾಡ್ಲಿಲ್ಲ. ಇಂಗಾದ್ರೂ ಒಂದು ಹಗ್ಗದಾಗೆ ತೂಗಾಡ್ತೀನಿ. ಬರ್ಕಳಿ, ಬೋಜ, ಕರಡಿ ಮೂಗಿನೋನು.”

ಮೇಡಂ ನಕ್ಕು, ಮೂಗನ್ನು ಬಿಟ್ಟು ಹೆಸರನ್ನಷ್ಟೇ ಬರೆದುಕೊಂಡರು.

ಭೋಜ ನಿಗಾ ಕೊಠಡಿಯ ಕೆಲಸಕ್ಕೆ ಸೇರಿದ್ದು ಆ ವರ್ಷವೇ. ಹಾಡಿಯಿಂದ ಡಿಗ್ರಿ ಮುಗಿಸಿದ ಮೊದಲಿಗ ಅವನು. ಗೋಡೆಯಗಲದ ಪರದೆಯ ಮೇಲೆ ಇನ್ನೂರ ಹದಿನಾಲ್ಕು ಚುಕ್ಕಿ, ಒಂದೊಂದೂ ಒಬ್ಬ ಮನುಷ್ಯ. ಹಸಿರು ಚುಕ್ಕಿಗಳ ಎದುರು ತಣ್ಣನೆಯ ಕೊಠಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಾಗ ಅವನಿಗೆ ಬಂಡೆಯ ನೆತ್ತಿಯ ಮೇಲೆ ಕೂತ ಹಾಗೇ ಅನಿಸುತ್ತಿತ್ತು. ಇನ್ನೂರ ಹದಿನಾಲ್ಕು ಹಗ್ಗ ಒಂದೇ ಕೈಯಲ್ಲಿ. ಹೆಮ್ಮೆ ಆಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ.

ಆದರೆ ಹಾಡಿಯ ಜನರಿಗೆ ಫೋನು ಮಾಡಿದರೆ ಗಾಡಿ ಬರುತ್ತದೆ ಎಂಬ ಗುಟ್ಟು ತಿಳಿದುಹೋಯಿತು. ಒಬ್ಬಳು ಕಾಲುನೋವೆಂದು ಗಾಡಿ ಹತ್ತಿ ತಂಗಿಯ ಮದುವೆಯ ಮನೆ ಹತ್ತಿರ ಇಳಿದಳು. ಒಬ್ಬ ಅಕ್ಕಿ ಮೂಟೆ ಸಮೇತ ಹತ್ತಿದ. ತಿಂಗಳ ಸಭೆಯಲ್ಲಿ ಮೇಲಧಿಕಾರಿ ಎಲ್ಲರೆದುರು ಕೇಳಿದರು, “ಏನ್ ಭೋಜ, ನಿಮ್ಮೋರಿಗೆ ಆಂಬುಲೆನ್ಸ್ ಅಂದ್ರೆ ಸಿಟಿ ಬಸ್ಸಾ?”

ಸಭೆ ನಕ್ಕಿತು. ಭೋಜನ ಕಿವಿಯವರೆಗೆ ಬಿಸಿಯಾಯಿತು. ನಾಚಿಕೆ ತಡೆಯಲಾರದೆ ಅವನೇ ಎದ್ದುನಿಂತು ಒಂದು ನಿಯಮ ಸೂಚಿಸಿದ: ಚುಕ್ಕಿಯ ಬಣ್ಣ ಬದಲಾಗದೆ ಗಾಡಿ ಹೊರಡಬಾರದು. ಯಾರೇ ಕೇಳಲಿ, ಯಾರೇ ಕೂಗಲಿ. ಅಧಿಕಾರಿ ಮೆಚ್ಚಿ ತಲೆಯಾಡಿಸಿದರು. ಯಶೋಧರಾ ಮಾತ್ರ, “ಬಣ್ಣ ತಪ್ಪಲೂಬಹುದು ಭೋಜ, ಅದೂ ಒಂದು ಯಂತ್ರ” ಎಂದರು. “ಯಂತ್ರ ಮದುವೆಗೆ ಹೋಗಕ್ಕಿಲ್ಲ ಮೇಡಂ” ಎಂದ ಭೋಜ. ಆ ಮಾತಿಗೂ ಸಭೆ ನಕ್ಕಿತು. ಈ ಸಲದ ನಗು ಅವನಿಗೆ ಹಿತವಾಗಿತ್ತು.

ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಇನ್ನೂರ ಹದಿನಾಲ್ಕು ಚುಕ್ಕಿಗಳಲ್ಲಿ ಒಂದೂ ಆರಲಿಲ್ಲ. ವರ್ಷಕ್ಕೆ ಎಂಟು ಸಲ ಆಸ್ಪತ್ರೆ ಸೇರುತ್ತಿದ್ದ ಚೆಲುವ ಮೂರು ವರ್ಷದಲ್ಲಿ ಸೇರಿದ್ದು ಎರಡೇ ಸಲ. ಜೇನು ಸೊಸೈಟಿಯಲ್ಲಿ ತುಪ್ಪ ಸೋಸಿ ಬಾಟಲಿ ತುಂಬುವ ಕೆಲಸಕ್ಕೆ ಸೇರಿದ. ಮಗಳು ಜಾಜಿಗೂ ಅದೇ ಕಾಯಿಲೆ, ಅವಳ ಕೈಗೂ ಪುಟ್ಟ ಪಟ್ಟಿ. ಬೆಳಗ್ಗೆ ಎದ್ದ ಕೂಡಲೆ ಅಪ್ಪ ಮಗಳು ಕೈಗೆ ಕೈ ತಾಗಿಸಿ, “ನಂದು ಹಸ್ರು, ನಿಂದು?” “ನಂದೂ ಹಸ್ರು” ಎಂದು ಹೇಳಿಕೊಳ್ಳುವುದು ಮನೆಯ ಪೂಜೆಯಂತೆ ಆಗಿತ್ತು.

ಒಂದು ಭಾನುವಾರ ಭೋಜ ಹಾಡಿಗೆ ಹೋದಾಗ ಚೆಲುವ ಅಂಗಳದಲ್ಲಿ ಕೂತು ಗಟ್ಟಿ ಬಿದಿರಿನ ಕೋಲೊಂದನ್ನು ಬೆಂಕಿಯ ಮೇಲೆ ಹದವಾಗಿ ಕಾಯಿಸಿ ಬಗ್ಗಿಸುತ್ತಿದ್ದ.

“ಏನ್ ಬಾವ ಇದು, ಯಾರಿಗೆ ಬಾರ್ಸಕ್ಕೆ?”

“ಊರುಗೋಲು ಕನಾ. ನಂಗೆ.”

“ಯಾಕೆ, ಕಾಲ್ಗೇನಾಯ್ತು?”

“ಏನೂ ಆಗಿಲ್ಲ. ಮುದುಕ ಆದಾಗ ಬೇಕಲ್ಲ.” ಚೆಲುವ ಕೋಲಿನ ಹಿಡಿಯನ್ನು ಅಂಗೈಯಲ್ಲಿ ಉಜ್ಜಿದ. “ನಮ್ ಕಾಯ್ಲೆ ಇರೋನು ಈ ಹಾಡೀಲಿ ಒಬ್ಬನೂ ಮುದುಕ ಆಗಿಲ್ಲ ಬಾಮೈದ. ನಾನಾಯ್ತೀನಿ. ನಿನ್ ಪಟ್ಟಿ, ನಿನ್ ಹಗ್ಗ, ನನ್ ಕೋಲು. ಬೊಚ್ಚು ಬಾಯಾಗೆ ನಿನ್ನ ಬಯ್ತೀನಿ, ಆಗ ಮಾತು ತಿಳೀದೆ ಒದ್ದಾಡ್ತೀಯೆ.”

ದಾಸಮ್ಮ ಒಳಗಿನಿಂದ, “ನಿಮ್ ಬೈಗುಳ ಈಗ್ಲೇ ತಿಳೀದು” ಎಂದಳು. ಕೋಲನ್ನು ಸೂರಿನ ಬಿದಿರಿಗೆ ಸಿಕ್ಕಿಸಿ ಚೆಲುವ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಭೋಜ ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಮೊದಲ ಫೋನು ಬಂದದ್ದು ಒಂದು ಸೋಮವಾರ, ಹನ್ನೊಂದು ಗಂಟೆಗೆ.

“ಏನ್ಲಾ ಕರಡಿ ಮೂಗಿನ ಬಾಮೈದ, ಕುರ್ಚಿ ಬಿಸಿ ಆಯ್ತಾ? ನನ್ ಸೊಂಟದ ಕೀಲ್ನಾಗೆ ಯಾವನೋ ಗೂಟ ಹೊಡೀತಾವ್ನೆ. ನೀನೇನಾ?”

ಭೋಜ ಪರದೆಯತ್ತ ನೋಡಿದ. ಬೂರುಗದ ಹಾಡಿ, ಚೆಲುವ, ಹಸಿರು. ಮಾಸಲು ಹಸಿರೂ ಅಲ್ಲ, ಎಳೆ ಹುಲ್ಲಿನಂಥ ಹಸಿರು.

“ಹಸ್ರು ಅದೆ ಬಾವ. ಅಕ್ಕನ ಕೈಲಿ ಒದೆ ತಿಂದಿರ್ಬೇಕು ನೀನು.”

“ಅವ್ಳು ಒದ್ರೆ ಬೆನ್ನಿಗೆ ಒದೀತಾಳೆ, ಸೊಂಟಕ್ಕಲ್ಲ,” ಎಂದು ಚೆಲುವ ನಕ್ಕ. ನೀರು ಕುಡಿದು ಮಲಗಲು ಹೇಳಿ ಭೋಜ ಫೋನು ಇಟ್ಟ.

ಮಂಗಳವಾರ ಮತ್ತೆ ಬಂತು. “ಗಾಡಿ ಕಳ್ಸಲಾ. ಪ್ಯಾಟೆಗೆ ಬತ್ತೀನಿ. ನಿನ್ ಮನೇಲಿ ಕೋಳಿ ಕುಯ್ಸು.” ಮೇಲಧಿಕಾರಿ ಅವತ್ತು ಕೊಠಡಿಯಲ್ಲೇ ಇದ್ದರು, ಭೋಜನ ಹಿಂದೆ ನಿಂತು ಚಹಾ ಕುಡಿಯುತ್ತಿದ್ದರು. ಸ್ವಂತ ಭಾವನಿಗೆ, ಅದೂ ಹಸಿರು ಚುಕ್ಕಿಗೆ, ಗಾಡಿ ಕಳಿಸಿದರೆ ಏನೆಂದಾರು? “ಹಸ್ರಿಗೆ ಗಾಡಿ ಇಲ್ಲ ಬಾವ. ರೂಲ್ಸು,” ಎಂದ ಭೋಜ, ಅಧಿಕಾರಿಗೂ ಕೇಳಿಸಲಿ ಎಂದು ತುಸು ಗಟ್ಟಿಯಾಗಿಯೇ.

ಬುಧವಾರದ ಫೋನಿನಲ್ಲಿ ಚೆಲುವನ ದನಿ ಸ್ವಲ್ಪ ಬಿಗಿದಿತ್ತು. “ಈ ರೂಲ್ಸ್ ಮಾಡ್ದೋನು ಯಾವನ್ಲಾ? ಅವನ ಮೂತಿಗೆ ಹೆಜ್ಜೇನು ಕಡೀಲಿ. ಕುಂತ್ರೆ ಏಳಕ್ಕಾಯ್ತಿಲ್ಲ, ಎದ್ರೆ ಕೂರಕ್ಕಾಯ್ತಿಲ್ಲ, ಕಂಬದ ಹಂಗೆ ನಿಂತಿವ್ನಿ. ಜಾಜಿ ನನ್ ಮ್ಯಾಲೆ ಬಟ್ಟೆ ಒಣಗಾಕ್ತಾವ್ಳೆ.” ಆ ರೂಲ್ಸು ಮಾಡಿದವನು ತಾನೇ ಎಂದು ಭೋಜ ಹೇಳಲಿಲ್ಲ. ಬಟ್ಟೆಯ ಮಾತಿಗೆ ನಗು ಬಂತು, ನಕ್ಕುಬಿಟ್ಟ. ಬೈಯುವಷ್ಟು ಕಸುವಿದೆ, ಹಾಸ್ಯ ಮಾಡುವಷ್ಟು ಉಸಿರಿದೆ, ಚುಕ್ಕಿ ಹಸಿರಿದೆ. ಹಗ್ಗ ಹಿಡಿದವನಿಗೆ ಇನ್ನೇನು ಬೇಕು? ಭಾನುವಾರ ತಾನೇ ಬಂದು ನೋಡುವುದಾಗಿ ಹೇಳಿದ.

ಗುರುವಾರ ಮಧ್ಯಾಹ್ನ ಎರಡೂ ಹತ್ತಕ್ಕೆ ನಾಲ್ಕನೆಯ ಫೋನು.

“ಬೋಜ.”

ಅಷ್ಟೇ. ಬಾಮೈದ ಎನ್ನಲಿಲ್ಲ, ಕರಡಿ ಎನ್ನಲಿಲ್ಲ. ಒಂದು ಉಸಿರು ಕೇಳಿಸಿತು, ಇನ್ನೊಂದು ಕೇಳಿಸಿತು, ಫೋನು ನಿಂತಿತು.

ಭೋಜನ ಅಪ್ಪ ಜೇನುಬಂಡೆಯಲ್ಲಿ ತೂಗುಬಿದ್ದಾಗ ಸೋದರಮಾವ ಮೇಲೆ ಕೂತು ಹಗ್ಗ ಹಿಡಿದದ್ದನ್ನು ಅವನು ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದ! ಹಾಡು ನಿಂತ ಒಂದೇ ಕ್ಷಣಕ್ಕೆ ಮಾವನ ತೋಳಿನ ನರಗಳು ಉಬ್ಬುತ್ತಿದ್ದವು. ಏನಾಯಿತೆಂದು ಮಾವ ಒಂದು ದಿನವೂ ಬಗ್ಗಿ ನೋಡಿದವನಲ್ಲ. ಈಗ ಭೋಜನ ಕೈಗಳೂ ತಾವಾಗಿಯೇ ಮೇಜಿನ ಅಂಚನ್ನು ಹಿಡಿದವು. ಗಾಡಿಯ ಗುಂಡಿ ಒಂದು ಗೇಣು ದೂರದಲ್ಲಿತ್ತು.

ಅವನು ಪರದೆಯತ್ತ ನೋಡಿದ. ಹಸಿರು.

ಕೈ ಸಡಿಲಾಯಿತು. ಕಾಡಿನಲ್ಲಿ ಸಿಗ್ನಲ್ಲು ಹೋಗುವುದು ಹೊಸದೇನಲ್ಲವಲ್ಲ, ಚಹಾ ಕುಡಿದು ತಾನೇ ಫೋನು ಮಾಡಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಬೇರೊಂದು ಹಾಡಿಯ ಚುಕ್ಕಿ ಹಳದಿಯಾಯಿತು, ಅದನ್ನು ನೋಡಿಕೊಂಡ. ಮೂರು ಗಂಟೆಗೆ ಚೆಲುವನ ಚುಕ್ಕಿ ಹಳದಿಯನ್ನು ಹಾಯದೆ, ಹಸಿರಿನಿಂದ ನೇರ ಕೆಂಪಿಗೆ ಬಿತ್ತು. ಗಾಡಿ ಹಾಡಿ ಮುಟ್ಟಲು ಒಂದು ಗಂಟೆ ಹತ್ತು ನಿಮಿಷ. ವಾಪಸು ಬರುವಾಗ ಅರಣ್ಯ ತನಿಖಾ ಠಾಣೆ ದಾಟುವ ಮೊದಲೇ ಚೆಲುವ ಹೋಗಿಬಿಟ್ಟಿದ್ದ. ಅವನಿಗೆ ಮೂವತ್ತೈದು ವರ್ಷ.

ಹದಿನೈದು ದಿನ ಕಳೆದು ಯಶೋಧರಾ ತಮ್ಮ ಪ್ರಯೋಗಾಲಯಕ್ಕೆ ಭೋಜನನ್ನು ಕರೆಸಿದರು. ಮೇಜಿನ ಮೇಲೆ ಚೆಲುವನ ಪಟ್ಟಿ ಬಿಳಿ ಬಟ್ಟೆಯಲ್ಲಿ ಇತ್ತು.

“ಪಟ್ಟಿ ಕೆಟ್ಟಿರಲಿಲ್ಲ ಭೋಜ. ಅದು ನೋಡಿದ್ದನ್ನು ಸರಿಯಾಗೇ ನೋಡಿದೆ,” ಎಂದರು ಅವರು. ಅವರ ಕಣ್ಣುಗಳೂ ಕೆಂಪಾಗಿದ್ದವು. “ತೊಡೆಮೂಳೆಯ ತಲೆಗೆ ಹೋಗೋ ನಾಳ ಬಹಳ ಸಣ್ಣದು. ಕಣಗಳು ಕಟ್ಟಿಕೊಂಡದ್ದು ಅಲ್ಲಿ. ಅಲ್ಲೇ ನಿಂತವು. ಪಟ್ಟಿ ನೋಡೋದು ಮಣಿಕಟ್ಟಿಗೆ ಹರಿದು ಬರೋ ರಕ್ತವನ್ನ. ನಿಂತ ನೀರಿನ ಸುದ್ದಿ ಹರಿಯೋ ನೀರಿಗೆ ಹೇಗೆ ಗೊತ್ತಾಗಬೇಕು? ನಾಲ್ಕು ದಿನ ಮೂಳೆಯ ಒಳಗೇ ಸತ್ತುಹೋದ ಮಜ್ಜೆಯ ಕೊಬ್ಬು ಗುರುವಾರ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿದೆ. ಆಗ ಪಟ್ಟಿಗೆ ತಿಳೀತು. ತಿಳಿದು ಪ್ರಯೋಜನ ಇರಲಿಲ್ಲ.”

“ಸೋಮವಾರ ಕರ್ಕೊಂಡು ಬಂದಿದ್ರೆ?”

ಯಶೋಧರಾ ಪಟ್ಟಿಯ ಮೇಲೆ ಬಟ್ಟೆ ಮುಚ್ಚಿದರು. “ಸೋಮವಾರ, ಮಂಗಳವಾರ ಬಂದಿದ್ದರೆ ರಕ್ತ ಬದಲಾಯಿಸಬಹುದಿತ್ತು. ಬಹುಶಃ ಕುಂಟುತ್ತಿದ್ದ. ಬದುಕುತ್ತಿದ್ದ ಅಂತಲೇ ನನಗನಿಸುತ್ತೆ. ನಿನಗೆ ಸುಳ್ಳು ಹೇಳಲಾರೆ.”

ಕುಂಟುತ್ತಿದ್ದರೆ ಊರುಗೋಲು ಸಿದ್ಧವಿತ್ತಲ್ಲ ಎಂದು ಭೋಜನಿಗೆ ನೆನಪಾಯಿತು.

ನಿಗಾ ಕೊಠಡಿಗೆ ಬಂದ ಫೋನುಗಳೆಲ್ಲ ದಾಖಲಾಗುತ್ತಿದ್ದವು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ್ದ ಎಂಜಿನಿಯರ್ ಹುಡುಗಿ ಚೆಲುವನ ನಾಲ್ಕನ್ನೂ ಅಲ್ಲೇ ಹಾಕಿ ಕೇಳಿಸಿದಳು. ಚೆಲುವನ ದನಿ ತಣ್ಣನೆಯ ಆ ಕೋಣೆಯಲ್ಲಿ ಕರಡಿ, ಕೋಳಿ, ಹೆಜ್ಜೇನು ಎಂದು ಬೈದಾಡಿತು. ಹುಡುಗಿ ಪಾಪ, ಸಮಾಧಾನ ಮಾಡಲೆಂದೇ ಹೇಳಿದಳು, “ಇವರು ತಮಾಷೆ ಮಾಡ್ತಿದ್ದಾರಲ್ಲ ಸರ್. ಇಷ್ಟು ನೋವಿದೆ ಅಂತ ಯಾರಿಗೆ ಗೊತ್ತಾಗುತ್ತೆ?”

“ನಮ್ಮಲ್ಲಿ ಬಾವ ಬಾಮೈದರು ನೆಟ್ಟಗೆ ಮಾತಾಡಕಿಲ್ಲಮ್ಮ,” ಎಂದ ಭೋಜ. “ಸಾಯೋ ಸುದ್ದಿನೂ ತಮಾಷೇಲೇ ಹೇಳೋದು. ನನ್ಗೆ ಗೊತ್ತಿತ್ತು ಅದು. ಗೂಟ ಹೊಡೀತಾವ್ರೆ ಅಂದ, ಏಳಕ್ಕಾಯ್ತಿಲ್ಲ ಅಂದ, ಗಾಡಿ ಕಳ್ಸು ಅಂದ. ಇನ್ನೆಂಗೆ ಹೇಳ್ಬೇಕು? ಹೋಗ್ಲಿ, ಮೂರು ಫೋನು ಬಿಡಿ. ನಾಕನೇದು ಹಾಕಿ ಇನ್ನೊಂದ್ಸಲ.”

ಹುಡುಗಿ ಹಾಕಿದಳು. ‘ಬೋಜ.’ ಉಸಿರು. ಉಸಿರು.

“ಅದ್ರಾಗೆ ಬೈಗುಳ ಇಲ್ಲ. ನನ್ ಕೈಗೆ ತಿಳೀತು, ಎಳೀಬೇಕು ಅಂತ. ನಾನು ಕಣ್ಣಿನ ಮಾತು ಕೇಳ್ದೆ,” ಎಂದು ಹೇಳಿ ಭೋಜ ಅತ್ತ. ಯಶೋಧರಾ ಎದ್ದುಬಂದು ಅವನ ಹೆಗಲ ಮೇಲೆ ಕೈಯಿಟ್ಟು ನಿಂತರು. ಪಟ್ಟಿ ಮಾಡಿದವರು ಅವರು, ನಿಯಮ ಮಾಡಿದವನು ಇವನು. ಯಾರು ಯಾರನ್ನು ಸಂತೈಸಬೇಕು?

ಅಕ್ಕನ ಮನೆಗೆ ಹೋಗಲು ಭೋಜನಿಗೆ ಕಾಲು ಬಾರದು. ಹೋಗದೆ ಇರಲೂ ಆಗದು. ಹೋದ. ದಾಸಮ್ಮ ಹೊಸಿಲ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಅವನನ್ನು ಕಂಡೂ ಕೇರುತ್ತಲೇ ಇದ್ದಳು. ಭೋಜ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು, ಒಂದನ್ನೂ ಮುಚ್ಚಿಡದೆ, ಸಭೆಯ ನಗುವಿನಿಂದ ಹಿಡಿದು ಹಸಿರು ಚುಕ್ಕಿಯವರೆಗೆ ಹೇಳಿದ. ದಾಸಮ್ಮನ ಕೈ ನಿಂತಿತು.

“ಫೋನ್ ಮಡಗಿದ್ ಮ್ಯಾಲೆ ನಿಮ್ ಬಾವ ಏನಂತಿದ್ದ ಗೊತ್ತೇನ್ಲಾ?”

ಭೋಜ ಇಲ್ಲವೆಂದು ತಲೆಯಾಡಿಸಿದ.

“‘ಬೋಜ ಹಸ್ರು ಅಂದ ಕನಮ್ಮಿ’ ಅಂತಿದ್ದ. ನಾನು ಬೈಕ್‌ನೋರ್ನ ಕರೀತೀನಿ, ಆಸ್ಪತ್ರೆಗೋಗವ ಅಂದ್ರೆ ಬ್ಯಾಡ ಅಂದ. ‘ಬೋಜ ಸುಳ್ಳು ಯೋಳಕಿಲ್ಲ. ನಂಗೇ ಏನೋ ತಪ್ಪು ತಿಳೀತಾ ಅದೆ. ಅಷ್ಟೇನೂ ನೋಯ್ತಿಲ್ವೇನೋ’ ಅಂದ. ಬುಧವಾರ ಗ್ವಾಡೆ ಹಿಡ್ಕಂಡು ನಿಂತಿದ್ದ, ಹಲ್ಲು ಕಟಕಟ ಅಂತಿದ್ವು, ಆಗ್ಲೂ ಅದ್ನೇ ಅಂದ. ಯಾರ್ ನಂಬ್ದೆ ಇದ್ರೂ ಅವ್ನು ಅವನ ನೋವ ನಂಬ್ತಿದ್ದ ಕನ್ಲಾ. ಕೊನೇಗೆ ಅದ್ನೂ ಕಿತ್ಕಂಡ್ಬುಟ್ಟೆ.”

ಇದಕ್ಕಿಂತ ಅವಳು ಕೇರುತ್ತಿದ್ದ ಮೊರದಿಂದ ಹೊಡೆದಿದ್ದರೆ ಚೆನ್ನಾಗಿತ್ತು. ಸಾವಿನ ಪಶ್ಚಾತ್ತಾಪವನ್ನು ಹೇಗೋ ಹೊತ್ತುಕೊಂಡು ಬಂದಿದ್ದ ಭೋಜ, ಈ ಮಾತನ್ನು ಹೊರಲಾರದೆ ಅಲ್ಲೇ ಕೂತುಬಿಟ್ಟ. ಪಟ್ಟಿ ಕಟ್ಟಿದ ದಿನ ಸಾಕ್ಷಿ ಸಿಕ್ಕಿತೆಂದು ಕುಣಿದ ಮನುಷ್ಯ, ಅದೇ ಸಾಕ್ಷಿಯ ಮಾತು ಕೇಳಿ ತನ್ನ ಮೂಳೆಯನ್ನೇ ಸುಳ್ಳು ಮಾಡಿಕೊಂಡು ಸತ್ತಿದ್ದ. ಹಾಗೆ ಮಾಡಲು ಅವನಿಗೆ ಹೇಳಿದ ದನಿ ಭೋಜನದಾಗಿತ್ತು.

ಮುಂದಿನ ತಿಂಗಳ ಸಭೆಯಲ್ಲಿ ಭೋಜ ಮತ್ತೆ ಎದ್ದುನಿಂತ. ಪರದೆಯ ಕೆಳಗೆ ಹೊಸದೊಂದು ಗುಂಡಿ ಬೇಕೆಂದ. ಬಣ್ಣ ಯಾವುದೇ ಇರಲಿ, ಫೋನಿನಲ್ಲಿ ನೋವೆಂದರೆ ಗಾಡಿ ಹೊರಡುವ ಗುಂ‌ಡಿ. ಕಾರಣ ಬರೆಯಬೇಕಾಗಿಲ್ಲ.

“ಮತ್ತೆ ಮದುವೆಗೆ ಹೋಗ್ತಾರಲ್ರೀ,” ಎಂದರು ಅಧಿಕಾರಿ.

“ಹೋಗ್ಲಿ ಸರ್. ಹತ್ತು ಜನ ಮದುವೆಗೇ ಹೋಗ್ಲಿ. ಹನ್ನೊಂದನೆಯವನು ಆಸ್ಪತ್ರೆಗೆ ಹೋಗ್ತಾನೆ. ಆ ರೂಲ್ಸ್ ಬರ್ದೋನು ನಾನು. ಅಳ್ಸೋ ತನಕ ಕೂರಕಿಲ್ಲ.”

ಅವತ್ತು ಯಾರೂ ನಗಲಿಲ್ಲ. ಯಶೋಧರಾ ಅವನ ಪಕ್ಕಕ್ಕೆ ಬಂದು ನಿಂತರು. ಗುಂಡಿ ಬರಲು ಐದು ತಿಂಗಳು ಹಿಡಿಯಿತು, ಬಂದಾಗ ಅದರ ಮೇಲೆ ‘ಎಳೆ’ ಎಂದು ಬರೆದಿತ್ತು. ಸೊಂಟಕ್ಕೂ ಮಂಡಿಗೂ ಅಂಟಿಸುವ ಹೊಸ ಬಿಲ್ಲೆಗಳ ಪ್ರಯೋಗವೂ ಶುರುವಾಯಿತು. ಅವು ಒಳ್ಳೆಯವೇ. ಆದರೆ ಅವುಗಳ ಕಣ್ಣಿಗೆ ಬೀಳದ ಮೂಲೆ ಮೈಯಲ್ಲಿ ಇನ್ನೆಲ್ಲೋ ಇದ್ದೇ ಇರುತ್ತದೆ.

ಹೊಸ ಬಿಲ್ಲೆಗೆ ಹೊಸ ಅರ್ಜಿ. ಜಾಜಿಯ ಅರ್ಜಿಯನ್ನು ದಾಸಮ್ಮ ತಾನೇ ಪೇಟೆಗೆ ತಂದಳು. ಮದುವೆಯಾಗದ ಮಕ್ಕಳಿಗೆ ಹಗ್ಗ ಹಿಡಿಯುವವನು ಸೋದರಮಾವ. ಆ ಖಾಲಿ ಜಾಗದಲ್ಲಿ ಯಾರ ಹೆಸರಿದ್ದೀತು ಎಂದು ನೋಡುವ ಧೈರ್ಯ ಭೋಜನಿಗಿರಲಿಲ್ಲ. ದಾಸಮ್ಮನೇ ಕಾಗದವನ್ನು ಅವನ ಮುಂದೆ ತಿರುಗಿಸಿಟ್ಟಳು. ಸೊಟ್ಟ ಅಕ್ಷರದಲ್ಲಿ ಅವನದೇ ಹೆಸರು.

“ಅಕ್ಕ, ನಾನು ಬ್ಯಾಡ…”

“ಕ್ಷಮಿಸಿದ್ದೀನಿ ಅನ್ಕಬ್ಯಾಡ. ಅದು ಆಯ್ತದೋ ಇಲ್ವೋ ನಂಗೂ ಗೊತ್ತಿಲ್ಲ. ಆದ್ರೆ ಹಗ್ಗ ಜಾರಿ ಉರ್ದಿರೋ ಕೈಯಿ ಇನ್ನೊಂದ್ಕಿತ ಸಡ್ಲ ಆಗಕಿಲ್ಲ.” ಅವಳು ಚೀಲದಿಂದ ಬಿದಿರಿನ ಊರುಗೋಲನ್ನು ತೆಗೆದು ಮೇಜಿಗೆ ಒರಗಿಸಿದಳು. “ಇದ್ನ ನಿನ್ ತಾವ್ಲೇ ಮಡೀಕೊ. ಜಾಜಿ ಮುದುಕಿ ಆದಾಗ ಕೊಡು.”

ಚೆಲುವ ಹೋಗಿ ಒಂದು ವರ್ಷ ತುಂಬುವುದರೊಳಗೆ ಅದೊಂದು ಬೆಳಗ್ಗೆ ಹಾಡಿಯ ಪಕ್ಕದ ಆಶ್ರಮ ಶಾಲೆಯಿಂದ ಫೋನು ಬಂತು.

“ಏನ್ ಮಾವ, ಕರಡಿ ಮೂಗಿನ ಮಾವ, ಕುರ್ಚಿ ಬಿಸಿ ಆಯ್ತಾ?”

ಒಂಬತ್ತು ವರ್ಷದ ಜಾಜಿ. ಅಪ್ಪನದೇ ರಾಗ, ಅಪ್ಪನದೇ ಎಳೆತ. ಪರದೆಯತ್ತ ಹೋಗುತ್ತಿದ್ದ ಕಣ್ಣನ್ನು ಭೋಜ ಬಲವಂತದಿಂದ ಹಿಂದಕ್ಕೆ ಎಳೆದುಕೊಂಡ.

“ಎಲ್ ನೋಯ್ತಾ ಅದೆ ಕೂಸೆ?”

ಅತ್ತ ಕಡೆ ನಗು ನಿಂತಿತು. “ಮಂಡಿ ತಾವ,” ಎಂದಳು ಮೆಲ್ಲಗೆ. “ಆದ್ರೆ ಹಸ್ರೇ ಅದೆ ಮಾವ. ಬಿಲ್ಲೇನೂ ಹಸ್ರು. ಟೀಚರು ಏನೂ ಆಗಿಲ್ಲ ಅಂದ್ರು.”

“ನೀನೇನಂತೀಯೆ?”

“ನೋಯ್ತದೆ.”

“ನೋಯ್ತದೆ ಅಂದ್ಮ್ಯಾಲೆ ನೋಯ್ತದೆ. ಆಯ್ತು.” ಭೋಜ ಗುಂಡಿ ಒತ್ತಿದ. ಅಂಗಳದಲ್ಲಿ ಗಾಡಿ ಹೊರಟ ಸದ್ದು ಕೇಳಿಸಿತು. ಎಷ್ಟು ಸಣ್ಣ ಪ್ರಶ್ನೆ! ಅಂದು ಸೋಮವಾರ ಹನ್ನೊಂದು ಗಂಟೆಗೆ ಕೇಳಬಹುದಿತ್ತು. ಮಂಗಳವಾರ ಕೇಳಬಹುದಿತ್ತು. ಬುಧವಾರವೂ ಹೊತ್ತು ಮೀರಿರಲಿಲ್ಲವೇನೋ.

“ಗಾಡಿ ಬಿಟ್ಟದೆ ಜಾಜಿ. ಫೋನ್ ಮಡಗ್ಬ್ಯಾಡ.”

“ಮತ್ತೇನ್ ಮಾಡ್ಲಿ ಮಾವ?”

“ಬಯ್ತಾ ಇರು. ಗಾಡಿ ಬರೋಗಂಟ ನನ್ನ ಬಯ್ತಾನೇ ಇರು.”

ಜಾಜಿ ಶುರುಮಾಡಿದಳು. ಮೂಗು, ಹೊಟ್ಟೆ, ನಡಿಗೆ, ಚೆಲುವ ಬೈದದ್ದರಲ್ಲಿ ಒಂದನ್ನೂ ಅವಳು ಮರೆತಿರಲಿಲ್ಲ. ನಡುನಡುವೆ ನೋವಿಗೆ ಅವಳ ದನಿ ಕಡಿಯುತ್ತಿತ್ತು, ಕಡಿದಾಗಲೆಲ್ಲ ಭೋಜ “ಇನ್ನೊಂದು” ಎನ್ನುತ್ತಿದ್ದ, ಅವಳು ಇನ್ನೊಂದು ಬೈಯುತ್ತಿದ್ದಳು. ಎರಡು ಕೈಯಲ್ಲೂ ಫೋನನ್ನು ಬಿಗಿಯಾಗಿ ಹಿಡಿದು, ಪರದೆಗೆ ಬೆನ್ನು ಹಾಕಿ, ಒಂದು ಗಂಟೆ ಹತ್ತು ನಿಮಿಷ ಅವನು ಕೇಳುತ್ತ ಕೂತಿದ್ದ.